ಸೊಂಟಕ್ಕೊಂದು ಸಣ್ಣ ಚಾಕು ಬೇಕೇ? ಕೊಳ್ಳುವ ಮುಂಚೆ ಹೀಗೆ ನೋಡಿ

ಡ್ರಿಪ್, ಅಂದರೆ ಹನಿ ನೀರಾವರಿ ಪೈಪು ಕೂರಿಸುವುದು ನನ್ನ ಕೆಲಸ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳಲ್ಲೇ ನನ್ನ ದಿನ ಕಳೆಯುತ್ತದೆ. ಪೈಪು ಕತ್ತರಿಸಬೇಕು, ಗೊಬ್ಬರದ ಚೀಲ ಬಿಚ್ಚಬೇಕು, ಗಿಡದ ಬುಡದ ಮಣ್ಣಿಗೆ ಹೊದಿಸುವ ಮಲ್ಚಿಂಗ್ ಹಾಳೆ ಸೀಳಬೇಕು, ಸುತಳಿ ಕೊಯ್ಯಬೇಕು. ಹನ್ನೊಂದು ವರ್ಷದಿಂದ ಒಂದಲ್ಲ ಒಂದು ಚಾಕು ನನ್ನ ಜೊತೆ ಇದೆ. ಈಗ ಇರುವುದು ಮಡಚದ ಚಾಕು. ಒರೆಯಲ್ಲಿ ಕೂರುತ್ತದೆ, ಹಿಡಿ ಸೇರಿ ಒಂದು ಗೇಣೂ ಇಲ್ಲ. ಅದನ್ನು ನೋಡಿದ ಹುಡುಗರು ಕೇಳುತ್ತಾರೆ, "ಅಣ್ಣಾ, ನಾನೂ ಇಂಥದ್ದೊಂದು ತಗೊಳ್ಳಲಾ?" ಮೊಬೈಲಿನಲ್ಲಿ ಚಾಕುಗಳ ವಿಡಿಯೋ ಜಾಸ್ತಿ ಆಗಿವೆ. ಆಸೆ ಹುಟ್ಟುವುದು ಸಹಜ.

ಕೇಳಿದವರಲ್ಲಿ ಹೆಚ್ಚಿನವರಿಗೆ ಬೇಡ ಅಂದಿದ್ದೇನೆ. ಕೆಲವರಿಗೆ ನಾನೇ ಜೊತೆಗೆ ಹೋಗಿ ಕೊಡಿಸಿದ್ದೇನೆ. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಕಂಡುಕೊಳ್ಳುವ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಒಂದು ವಾರ ಲೆಕ್ಕ ಬರೆಯಿರಿ

ಚಾಕು ನೋಡಬೇಡಿ. ನಿಮ್ಮ ವಾರ ನೋಡಿ. ಒಂದು ಸಣ್ಣ ಪುಸ್ತಕ ಜೇಬಿನಲ್ಲಿಡಿ. ಏನನ್ನಾದರೂ ಕತ್ತರಿಸಬೇಕಾಗಿ ಬಂದಾಗಲೆಲ್ಲ ಮೂರು ಸಂಗತಿ ಬರೆಯಿರಿ: ಏನು ಕತ್ತರಿಸಿದಿರಿ, ಎಲ್ಲಿ ನಿಂತಿದ್ದಿರಿ, ಯಾವುದರಿಂದ ಕತ್ತರಿಸಿದಿರಿ. ಹಲ್ಲಿನಿಂದ ಹರಿದಿದ್ದರೆ ಅದನ್ನೂ ಬರೆಯಿರಿ.

ನಾನು ಕಳೆದ ಬೇಸಿಗೆಯಲ್ಲಿ ಹೀಗೆ ಬರೆದಿದ್ದೆ. ಒಂದು ವಾರದಲ್ಲಿ ಗಿಡದ ಸಾಲಿಗೆ ನೀರು ಒಯ್ಯುವ 16 ಎಂಎಂ ಲ್ಯಾಟರಲ್ ಪೈಪು ನೂರಕ್ಕೂ ಹೆಚ್ಚು ಸಲ. ಗೊಬ್ಬರದ ಚೀಲ ಒಂಬತ್ತು. ಮಲ್ಚಿಂಗ್ ಹಾಳೆ ಎರಡು ದಿನ ಪೂರ್ತಿ. ಸುತಳಿ, ನೈಲಾನ್ ಹಗ್ಗ ಲೆಕ್ಕವಿಲ್ಲ. ಮಧ್ಯಾಹ್ನ ಬುತ್ತಿಯ ಜೊತೆ ಉಳ್ಳಾಗಡ್ಡಿ ಐದು ಸಲ. ಎಲ್ಲವೂ ಹೊಲದಲ್ಲಿ, ಮಣ್ಣು ಮೆತ್ತಿದ ಕೈಯಲ್ಲಿ.

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ನನ್ನ ಭಾವಮೈದುನನೂ ಬರೆದ. ಅವನ ಲೆಕ್ಕದಲ್ಲಿ ಮುಕ್ಕಾಲು ಪಾಲು ಚೀಲದ ಹೊಲಿಗೆ ಬಿಚ್ಚುವುದೇ ಇತ್ತು. ಅದಕ್ಕೆ ಚಾಕುವೇ ಬೇಡ. ಮಷಿನ್ ಹಾಕುವ ಆ ಹೊಲಿಗೆ ಸರಪಳಿಯ ಹಾಗೆ ಇರುತ್ತದೆ. ಸರಿಯಾದ ತುದಿ ಹಿಡಿದು ಎಳೆದರೆ ದಾರ ಸರ್ರನೆ ಬಿಚ್ಚಿಕೊಳ್ಳುತ್ತದೆ, ಚೀಲವೂ ಹರಿಯದೆ ಮತ್ತೆ ಬಳಕೆಗೆ ಬರುತ್ತದೆ. ಉಳಿದದ್ದು ರಟ್ಟಿನ ಡಬ್ಬದ ಟೇಪು. ಅವನಿಗೆ ಒಂದು ಕತ್ತರಿ ಸಾಕಾಯಿತು.

ವಾರದ ಕೊನೆಗೆ ಪಟ್ಟಿ ನೋಡಿ. ಮನೆ, ಅಂಗಡಿ, ಆಫೀಸಿನ ಒಳಗೆ ನಡೆದ ಕೆಲಸಗಳನ್ನು ಹೊಡೆದು ಹಾಕಿ. ಅಲ್ಲಿ ಮೇಜಿನ ಖಾನೆಯಲ್ಲಿರುವ ಕತ್ತರಿಯೇ ಒಳ್ಳೆಯದು. ಟೊಂಗೆ ಸವರುವ ಕೆಲಸವಿದ್ದರೆ ಅದನ್ನೂ ಹೊಡೆದು ಹಾಕಿ. ಅದಕ್ಕೆ ಸಿಕೇಟರ್ ಅನ್ನುವ ಕತ್ತರಿ ಇದೆ. ಮೇವು ಕೊಯ್ಯುವುದಕ್ಕೆ ಕುಡುಗೋಲು ಇದೆ. ಉಳಿದದ್ದು ದಿನಕ್ಕೆ ಮೂರು ನಾಲ್ಕಕ್ಕಿಂತ ಕಡಿಮೆ ಇದ್ದರೆ ಇಲ್ಲಿಗೇ ನಿಲ್ಲಿಸಿ. ನಿಮಗೆ ಚಾಕು ಬೇಡ, ದುಡ್ಡು ಉಳಿಯಿತು.

ಎರಡನೆಯದು: ಮಡಚದ್ದೇ ಯಾಕೆ ಬೇಕು?

ಪಟ್ಟಿಯಲ್ಲಿ ಕೆಲಸ ಉಳಿದಿದೆ ಅಂದುಕೊಳ್ಳಿ. ಆಗ ಎದುರಿಗೆ ಮೂರು ದಾರಿ: ಮುರಿದು ಬಳಸುವ ಪಟ್ಟಿಯ ಪೇಪರ್ ಕಟರ್, ಮಡಚುವ ಚಾಕು, ಮಡಚದ ಚಾಕು.

ಕಟರ್ ಅಗ್ಗ, ಹರಿತವೂ ಹೌದು. ಗೋದಾಮಿಗೆ, ಅಂಗಡಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಹೊಲಕ್ಕೆ ಅದನ್ನು ದಯವಿಟ್ಟು ಒಯ್ಯಬೇಡಿ. ಅಡ್ಡ ಬಲ ಬಿದ್ದರೆ ಅದರ ಅಲಗು ಚಟ್ಟನೆ ಮುರಿಯುತ್ತದೆ. ಆ ತುಂಡು ಮಣ್ಣಿಗೆ ಬಿದ್ದರೆ ಮತ್ತೆ ಸಿಗುವುದಿಲ್ಲ. ನಮ್ಮ ಕಡೆ ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳು ಬರಿಗಾಲಲ್ಲಿ ಕೂತು ಕೆಲಸ ಮಾಡುತ್ತಾರೆ. ಒಮ್ಮೆ ಒಬ್ಬ ಅಕ್ಕನ ಹಿಮ್ಮಡಿಗೆ ಅಂಥ ತುಂಡು ಹೊಕ್ಕಿದ್ದನ್ನು ನಾನೇ ತೆಗೆದಿದ್ದೇನೆ. ಅದು ನನ್ನದೇ ಕಟರಿನದ್ದೋ ಬೇರೆಯವರದ್ದೋ ಇವತ್ತಿಗೂ ತಿಳಿಯದು. ಅಂದಿನಿಂದ ಹೊಲದಲ್ಲಿ ಕಟರ್ ಮುಟ್ಟಿಲ್ಲ. ಮೇವಿನಲ್ಲಿ ಸೇರಿದರೂ ಅಪಾಯವೇ. ದನ ಮೇವನ್ನು ಆರಿಸಿ ತಿನ್ನುವುದಿಲ್ಲ, ನುಂಗುತ್ತದೆ. ಹೊಟ್ಟೆ ಸೇರಿದ ಕಬ್ಬಿಣ ಒಳಗೇ ಚುಚ್ಚಿ ಎದೆಯವರೆಗೂ ಹೋಗಬಲ್ಲದು.

ಮಡಚುವ ಚಾಕು ಜೇಬಿಗೆ ಹಗುರ, ನೋಡುವವರ ಕಣ್ಣಿಗೂ ಹಗುರ. ಊರಲ್ಲಿ ಓಡಾಡುವವರಿಗೆ ಅದು ಸಾಕು. ನನಗೆ ಅದು ಒಗ್ಗಲಿಲ್ಲ. ಆರು ವರ್ಷದ ಹಿಂದೆ ಯಲಬುರ್ಗಾ ಕಡೆಯ ಒಂದು ಎರೆ ಹೊಲದಲ್ಲಿ ಪೈಪಿಗೆ ತೂತು ಮಾಡಲು ಅದರ ಮೊನೆ ಒತ್ತಿದೆ. ಎರೆ ಮಣ್ಣು ಹೊಕ್ಕು, ತೆರೆದ ಅಲಗನ್ನು ಹಿಡಿದಿಡುವ ಲಾಕು ಪೂರ್ತಿ ಕೂತಿರಲಿಲ್ಲ. ಅಲಗು ಹಿಂದಕ್ಕೆ ಮಡಚಿ ತೋರುಬೆರಳಿನ ಮೇಲೆ ಬಂತು. ನಾಲ್ಕು ಹೊಲಿಗೆ ಬಿದ್ದವು. ಮಡಚುವ ಚಾಕುವಿನ ಬಲಹೀನ ಜಾಗ ಇದೇ. ಕತ್ತರಿಸುವಾಗ ಬಲ ಅಲಗಿನ ಬಾಯಿಯ, ಅಂದರೆ ಹರಿತದ ಅಂಚಿನ ಕಡೆ ಬೀಳುತ್ತದೆ, ಅಲಗು ಗಟ್ಟಿ ನಿಲ್ಲುತ್ತದೆ. ಚುಚ್ಚುವಾಗ, ಸಿಕ್ಕಿದ ಅಲಗನ್ನು ಅಲ್ಲಾಡಿಸಿ ಎಳೆಯುವಾಗ ಬಲ ಬೆನ್ನಿನ ಕಡೆ ಬೀಳುತ್ತದೆ. ಆಗ ಬೆರಳು ಕಾಯುವುದು ಲಾಕು ಒಂದೇ.

ಮಡಚದ ಚಾಕುವಿನಲ್ಲಿ ಕೀಲೇ ಇಲ್ಲ. ಮಣ್ಣು ಹೊಕ್ಕುವ ಜಾಗವಿಲ್ಲ, ಒಂದು ಚೊಂಬು ನೀರಲ್ಲಿ ತೊಳೆದರೆ ಮುಗಿಯಿತು. ಒಂದು ಕೈಯಲ್ಲಿ ಪೈಪು ಹಿಡಿದು ಇನ್ನೊಂದು ಕೈಯಲ್ಲಿ ತೆಗೆಯಬಹುದು. ಉಳ್ಳಾಗಡ್ಡಿ ಕೊಯ್ದಾಗಲೂ ಕೀಲಿನ ಸಂದಿಯಲ್ಲಿ ಹಳೇ ರಸ ಕೊಳೆಯುವುದಿಲ್ಲ.

ಹಾಗಾಗಿ ನನ್ನ ಅಳತೆ ಇಷ್ಟೇ. ಕೈಗೆ ಮಣ್ಣು, ನೀರು, ರಸ ದಿನಾ ಮೆತ್ತುವವರಿಗೆ ಮಡಚದ್ದು. ಉಳಿದವರಿಗೆ ಮಡಚುವುದು ಅಥವಾ ಕತ್ತರಿ.

ಮೂರನೆಯದು: ಭಯಕ್ಕೆ ಕೊಳ್ಳುತ್ತಿದ್ದೀರಾ?

ಇದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಗಿಣಿಗೇರಾ ಕಡೆಯಿಂದ ಒಬ್ಬನೇ ಬೈಕಿನಲ್ಲಿ ಬರುವ ಹುಡುಗ ನನ್ನ ಹತ್ತಿರ ಬಂದಿದ್ದ. ಅವನಿಗೆ ಪೈಪು, ಹಗ್ಗ ಯಾವುದೂ ಇರಲಿಲ್ಲ. ಭಯ ಇತ್ತು. ಆ ಭಯ ಸುಳ್ಳಲ್ಲ. ಆದರೆ ಚಾಕು ಅದಕ್ಕೆ ಮದ್ದಲ್ಲ. ಜಗಳದಲ್ಲಿ ಚಾಕು ಹೊರಗೆ ಬಂದರೆ ಬೈಗುಳದಲ್ಲಿ ಮುಗಿಯಬೇಕಾದದ್ದು ಆಸ್ಪತ್ರೆಯಲ್ಲೋ ಠಾಣೆಯಲ್ಲೋ ಮುಗಿಯುತ್ತದೆ. ಕಿತ್ತುಕೊಂಡವನ ಕೈಗೆ ಅದೇ ಚಾಕು ಸಿಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಮಿನಲ್ಲಿ, ಕೊಯ್ಯುವ ಆಯುಧದಿಂದ ಬೇಕೆಂದೇ ಸಣ್ಣ ಗಾಯ ಮಾಡಿದರೂ ಮೂರು ವರ್ಷದವರೆಗೆ ಶಿಕ್ಷೆ ಆಗಬಹುದು. ದೊಡ್ಡ ಗಾಯವಾದರೆ ಇನ್ನೂ ಹೆಚ್ಚು. ಆ ಹುಡುಗನಿಗೆ ಹೇಳಿದೆ: ಒಳ್ಳೆ ಹೆಡ್‌ಲೈಟ್ ಹಾಕಿಸು, ಇಬ್ಬರು ಜೊತೆಯಾಗಿ ಬನ್ನಿ, 112 ನಂಬರ್ ನೆನಪಿಡು. ಅವನು ಹಾಗೇ ಮಾಡುತ್ತಿದ್ದಾನೆ.

ಉತ್ತರ ಭಯವೇ ಆಗಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ಕೊಳ್ಳಬೇಡಿ.

ನಾಲ್ಕನೆಯದು: ಕಾನೂನು, ಮತ್ತು ಜನರ ಕಣ್ಣು

ಶಸ್ತ್ರಾಸ್ತ್ರ ಕಾಯ್ದೆ 1959ರದ್ದು. ಅದರ ಕೆಳಗಿನ 2016ರ ನಿಯಮಗಳಲ್ಲಿ ಚಾಕುವಿಗೆ ಒಂದು ಅಳತೆ ಇದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಪಟ್ಟಿಗೆ ಸೇರುತ್ತದೆ. ಮನೆಗೆಲಸ, ಒಕ್ಕಲುತನ, ಕಾರ್ಖಾನೆ ಕೆಲಸಕ್ಕೆಂದೇ ಮಾಡಿದ್ದನ್ನು ಆ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. ನಾವು ಮಾತಾಡುತ್ತಿರುವುದು ಮೂರು, ಮೂರೂವರೆ ಇಂಚಿನ ಅಲಗು. ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ.

ಅಷ್ಟಕ್ಕೇ ನಿಶ್ಚಿಂತೆ ಬೇಡ. ಗಲಾಟೆಯ ಸಮಯದಲ್ಲಿ, ಚುನಾವಣೆಯಲ್ಲಿ, ಕೆಲವು ಮೆರವಣಿಗೆಗಳ ದಿನ ನಿಷೇಧಾಜ್ಞೆ ಬರುತ್ತದೆ. ನಮ್ಮ ಬಾಯಲ್ಲಿ ಇನ್ನೂ 144 ಅಂತಲೇ ಇದೆ. 2024ರ ಜುಲೈ 1ರಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಆ ಆದೇಶದಲ್ಲಿ ಹರಿತವಾದ ವಸ್ತು ಒಯ್ಯಬಾರದು ಅಂತಿದ್ದರೆ ಸಣ್ಣದೂ ಇಲ್ಲ, ದೊಡ್ಡದೂ ಇಲ್ಲ. ಮನೆಯಲ್ಲಿ ಬಿಡಿ. ತೋರಣಗಲ್ಲು ಹತ್ತಿರದ ವಿದ್ಯಾನಗರದಿಂದಾಗಲಿ ಹುಬ್ಬಳ್ಳಿಯಿಂದಾಗಲಿ ವಿಮಾನ ಹತ್ತುವುದಿದ್ದರೆ ಕೈಚೀಲದಲ್ಲಿ ಚಾಕು ಇರುವಂತಿಲ್ಲ. ಕೋರ್ಟು, ಶಾಲೆ, ಪರೀಕ್ಷಾ ಕೇಂದ್ರಕ್ಕೂ ಬೇಡ. ಗವಿಮಠದ ಅಜ್ಜನ ಜಾತ್ರೆಗೆ, ಹುಲಿಗಿಗೆ, ಅಂಜನಾದ್ರಿಗೆ ಹೋಗುವಾಗ ನಾನು ಮನೆಯಲ್ಲೇ ತೆಗೆದಿಡುತ್ತೇನೆ. ಲಕ್ಷಗಟ್ಟಲೆ ಜನ ಒತ್ತಿಕೊಂಡು ನಡೆಯುವ ಕಡೆ ಸೊಂಟದಲ್ಲಿ ಚಾಕು ಇರಬಾರದು. ಕೇಳಲು ಪೊಲೀಸರು ಇರಲಿ, ಇಲ್ಲದಿರಲಿ.

ಜನರ ಕಣ್ಣು ಇನ್ನೊಂದು ಮಾತು. ಹೊಸದರಲ್ಲಿ ಸೊಂಟಕ್ಕೆ ಕಟ್ಟಿಕೊಂಡೇ ಒಂದು ಚಹಾದಂಗಡಿಗೆ ಹೋಗಿದ್ದೆ. ವಯಸ್ಸಾದ ಕಾಕಾ ಒಬ್ಬರು ನೋಡಿದರು. "ಯಾಕ ತಮ್ಮಾ, ಸೊಂಟದಾಗ ಚೂರಿ? ಯಾರ ಮ್ಯಾಲ ಹೊಂಟೀದಿ?" ಅಂದರು. "ಡ್ರಿಪ್ ಕೆಲಸಕ್ಕ ಕಾಕಾ" ಅಂದೆ. "ಇಲ್ಲಿ ಚಾದ ಕಪ್ಪಿಗೆ ಏನ್ ಡ್ರಿಪ್ ಹಾಕತೀ? ಗಾಡ್ಯಾಗ ಇಡು" ಅಂದರು. ಕೂಡಲೇ ಎದ್ದು ಬೈಕಿನ ಚೀಲದಲ್ಲಿಟ್ಟು ಬಂದೆ. ಅವರ ಮಾತು ಸರಿ ಇತ್ತು. ಅಲ್ಲಿ ಮಕ್ಕಳಿದ್ದರು, ಹೆಣ್ಣುಮಕ್ಕಳಿದ್ದರು. ಈಗಲೂ ಅದೇ ರೂಢಿ. ಚಾಕು ಸಾಮಾನಿನ ಚೀಲದಲ್ಲಿ ಪ್ರಯಾಣ ಮಾಡುತ್ತದೆ. ಹೊಲದ ಬದು ದಾಟಿದ ಮೇಲೆ ಸೊಂಟಕ್ಕೆ ಬರುತ್ತದೆ. ಚೀಲದಲ್ಲಿ ಪೈಪು, ಇಕ್ಕಳ, ಟೇಪಿನ ಜೊತೆ ಇದ್ದರೆ ತಪಾಸಣೆಯಲ್ಲಿ ಯಾರಾದರೂ ಕೇಳಿದರೂ ಅದು ಯಾತಕ್ಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಐದನೆಯದು: ಕೊಳ್ಳುವುದಾದರೆ ಏನು ನೋಡಬೇಕು

ಇಲ್ಲಿಯವರೆಗೆ ಬಂದು ಇನ್ನೂ ಬೇಕು ಅನಿಸಿದರೆ ನಿಮಗೆ ನಿಜಕ್ಕೂ ಬೇಕಾಗಿದೆ. ಈಗ ಚಾಕು ನೋಡೋಣ.

ಉದ್ದ. ಅಲಗು 7ರಿಂದ 9 ಸೆಂಟಿಮೀಟರ್ ಸಾಕು. ಹಿಡಿ ಮಾತ್ರ ಗಿಡ್ಡ ಬೇಡ. ನಾಲ್ಕೂ ಬೆರಳು ಕೂರಬೇಕು. ಎರಡೇ ಬೆರಳು ಕೂರುವ ಪುಟ್ಟ ಹಿಡಿ ಚಂದ ಕಾಣುತ್ತದೆ, ಬೆವರಿದ ಕೈಯಲ್ಲಿ ತಿರುಗಿಬಿಡುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಒಣಗಿದ ಕೈ ಯಾರದ್ದು ಹೇಳಿ? ಹಿಡಿ ಮುಗಿದು ಅಲಗು ಶುರುವಾಗುವಲ್ಲಿ ಒಂದು ಉಬ್ಬು ಇರಬೇಕು. ಮುಂದಕ್ಕೆ ಒತ್ತುವಾಗ ಬೆರಳು ಜಾರಿ ಬಾಯಿಯ ಮೇಲೆ ಹೋಗದ ಹಾಗೆ ತಡೆಯುವುದು ಅದೇ.

ದಪ್ಪ. ಹೊಸಬರು ಇಲ್ಲೇ ಮೋಸ ಹೋಗುವುದು. ವಿಡಿಯೋದಲ್ಲಿ ನಾಲ್ಕು, ಐದು ಎಂಎಂ ದಪ್ಪದ ಅಲಗು ತೋರಿಸಿ ಗಟ್ಟಿ ಅನ್ನುತ್ತಾರೆ. ಗಟ್ಟಿ ನಿಜ. ಆದರೆ ಅದು ಕೊಯ್ಯುವುದಿಲ್ಲ, ಬೆಣೆಯ ಹಾಗೆ ಸೀಳುತ್ತದೆ. ಲ್ಯಾಟರಲ್ ಪೈಪಿನ ತುದಿ ಸೊಟ್ಟ ಆಗುತ್ತದೆ. ಸೊಟ್ಟ ತುದಿಗೆ ಜಾಯಿಂಟರ್ ಬಿಗಿ ಕೂರುವುದಿಲ್ಲ, ನೀರು ಸೋರುತ್ತದೆ. 2ರಿಂದ 3 ಎಂಎಂ ದಪ್ಪ ಇರಲಿ. ಸ್ವೀಡನ್ನಿನ ಮೋರಾ ಊರಿನಲ್ಲಿ 1891ರಿಂದ ಚಾಕು ಮಾಡುತ್ತಾ ಬಂದಿದ್ದಾರೆ. ಅವರ ಕಂಪಾನಿಯನ್ ಅನ್ನುವ ಚಾಕುವಿನ ಅಲಗು ಸುಮಾರು 10 ಸೆಂಟಿಮೀಟರ್ ಉದ್ದ, ಎರಡೂವರೆ ಎಂಎಂ ದಪ್ಪ. ಎಲ್ಡ್ರಿಸ್ ಅನ್ನುವುದು ಆರು ಸೆಂಟಿಮೀಟರ್ ಉದ್ದ, ಎರಡು ಎಂಎಂ ದಪ್ಪ. ಮರ ಕೆತ್ತುವವರು, ಬಡಗಿಗಳು ಬಳಸುವ ಚಾಕುಗಳೇ ಇಷ್ಟು ತೆಳ್ಳಗಿರುವಾಗ ಪೈಪಿಗೆ, ಸುತಳಿಗೆ ನಮಗೆ ಅದಕ್ಕಿಂತ ದಪ್ಪ ಯಾಕೆ?

ಉಕ್ಕು. ಇದರಲ್ಲಿ ಹೆಸರುಗಳು ರಾಶಿ. ತುಕ್ಕು ಹಿಡಿಯುವುದು, ಹಿಡಿಯದ್ದು ಅಂತ ಎರಡು ಗುಂಪು ತಿಳಿದರೆ ಸಾಕು. ಇಂಗಾಲದ ಉಕ್ಕು, ಅಂದರೆ 1095 ಥರದ್ದು, ಸಾಣೆಗೆ ಬೇಗ ಒಲಿಯುತ್ತದೆ. ಆದರೆ ದಾಳಿಂಬೆ ರಸ, ಹುಣಸೆ, ನಿಂಬೆ ತಾಗಿದರೆ ಕಪ್ಪಾಗುತ್ತದೆ, ಬೆವರಿಗೂ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್‌ನಲ್ಲಿ 12ಸಿ27, 14ಸಿ28ಎನ್, 8ಸಿಆರ್13 ಅನ್ನುವವು ದಿನದ ಕೆಲಸಕ್ಕೆ ಒಳ್ಳೆಯವು. ಡಿ2 ಉಕ್ಕು ಹರಿತವನ್ನು ಬಹಳ ದಿನ ಹಿಡಿಯುತ್ತದೆ, ಮೊಂಡಾದ ಮೇಲೆ ಮನೆಯ ಕಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ.

ದಾಳಿಂಬೆ ತೋಟದಲ್ಲಿ ಕೆಲಸ ಮಾಡುವವರು ಸ್ಟೇನ್‌ಲೆಸ್ಸೇ ತೆಗೆದುಕೊಳ್ಳಿ. ಕಾರಣ ಅಂಗಮಾರಿ ರೋಗ. ಅದರ ದುಂಡಾಣು ಕತ್ತರಿಸುವ ಸಾಮಾನಿನ ಜೊತೆ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಅದಕ್ಕೇ ಸಿಕೇಟರನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಮುಂದಿನ ಗಿಡ ಮುಟ್ಟುತ್ತಾರೆ. ಚಾಕುವಿನಿಂದ ಒಂದು ಚಿಗುರು ಕೊಯ್ದರೂ ಅದೇ ಶಿಸ್ತು ಬೇಕು. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋಗುವ ನನ್ನಂಥವರಿಗಂತೂ ಇದು ಜವಾಬ್ದಾರಿ. ಆ ದ್ರಾವಣ ಇಂಗಾಲದ ಉಕ್ಕನ್ನು ನೋಡುನೋಡುತ್ತಲೇ ತಿನ್ನುತ್ತದೆ. ಸ್ಟೇನ್‌ಲೆಸ್ಸನ್ನೂ ಹಾಗೇ ಬಿಟ್ಟರೆ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಅದ್ದಿ, ನೀರಲ್ಲಿ ತೊಳೆದು, ಒರೆಸಿ.

ಒರೆ. ಚಾಕುವಿನಷ್ಟೇ ಮುಖ್ಯ, ಅಂಗಡಿಯಲ್ಲಿ ಯಾರೂ ಸರಿಯಾಗಿ ನೋಡದ್ದು. ಚಾಕು ಒಳಗಿಟ್ಟು, ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಜೋರಾಗಿ ಅಲುಗಾಡಿಸಿ. ಬಿದ್ದರೆ ಬೇಡ. ಚರ್ಮದ ಒರೆ ನೋಡಲು ಚಂದ, ಬೆವರು ಮತ್ತು ನೀರು ಹೀರಿ ಅಲಗಿಗೆ ತುಕ್ಕು ತರುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದು, ತಳದಲ್ಲಿ ನೀರು ಇಳಿಯಲು ತೂತಿರುವುದು ಹೊಲಕ್ಕೆ ಒಳ್ಳೆಯದು. ಕೊರಳಿಗೆ ನೇತು ಹಾಕುವ ಒರೆ, ಬೆನ್ನ ಹಿಂದೆ ಅಡ್ಡ ಕಟ್ಟುವ ಒರೆ ಎರಡೂ ಬೇಡ. ಬೈಕಿನಿಂದ ಬಿದ್ದರೆ ಒಂದು ಎದೆಗೆ, ಇನ್ನೊಂದು ಬೆನ್ನುಮೂಳೆಗೆ.

ಆರನೆಯದು: ಅಂಗಡಿಯೋ, ಕುಲುಮೆಯೋ

ನಮ್ಮ ಕಡೆ ಕುಲುಮೆಗಳು ಇನ್ನೂ ಇವೆ. ಕುಡುಗೋಲು, ಕೊಡಲಿ ಹಣಿಸಲು ಹೋಗುವ ಜಾಗದಲ್ಲೇ ಚಾಕುವನ್ನೂ ಮಾಡಿಸಬಹುದು. ನನಗೆ ಅದೇ ಹೆಚ್ಚು ಇಷ್ಟ. ನಿಮ್ಮ ಕೈ ನೋಡಿ ಹಿಡಿ ಮಾಡಿಕೊಡುತ್ತಾರೆ, ದುಡ್ಡು ಊರಲ್ಲೇ ಉಳಿಯುತ್ತದೆ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಒಳ್ಳೆಯ ಕಬ್ಬಿಣ. ಅದರಲ್ಲಿ ಸುಮಾರು ಶೇಕಡಾ 0.6ರಷ್ಟು ಇಂಗಾಲ ಇರುತ್ತದೆ, ಹದ ಹಿಡಿಯುತ್ತದೆ.

ಹೇಳಿ ಮಾಡಿಸಬೇಕಾದದ್ದು ಮೂರು. ತೆಳ್ಳಗೆ ಬಡಿಯಲು ಹೇಳಿ. ಕೊಡಲಿ ಬಡಿದು ರೂಢಿಯಾದ ಕೈ ಚಾಕುವನ್ನೂ ದಪ್ಪ ಬಿಡುತ್ತದೆ. ಅಲಗಿನ ಕಬ್ಬಿಣ ಹಿಡಿಯ ಒಳಗೆ ಕೊನೆವರೆಗೂ ಹೋಗಲಿ, ಎರಡು ರಿವಿಟ್ ಬೀಳಲಿ. ಕೆಂಪಗೆ ಕಾಸಿ ಅದ್ದುವಾಗ ನೀರಿನ ಬದಲು ಎಣ್ಣೆಯಲ್ಲಿ ಅದ್ದಿಸಿ, ಆಮೇಲೆ ಒಂದು ಸಣ್ಣ ಬಿಸಿ ಕೊಟ್ಟು ಬಿಗಿತ ಇಳಿಸಲು ಕೇಳಿ. ಉಜ್ಜಿ ಬೆಳ್ಳಗೆ ಮಾಡಿದ ಅಲಗು ಆ ಬಿಸಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಸಾಕು, ಅದು 200 ಡಿಗ್ರಿಯ ಆಸುಪಾಸು. ನನ್ನ ಮೊದಲ ಚಾಕುವಿಗೆ ಈ ಸಣ್ಣ ಬಿಸಿ ಕೊಟ್ಟಿರಲಿಲ್ಲ. ಮೂರನೇ ದಿನ ಬಾಯಿಯ ಒಂದು ಚೂರು ಗಾಜಿನ ಹಾಗೆ ಹಾರಿತು. ಎರಡನೆಯದು ನಾಲ್ಕು ವರ್ಷ ಬಂತು. ದಾಳಿಂಬೆ ಸೀಸನ್ನಿಗೆ ಮಾತ್ರ ಸ್ಟೇನ್‌ಲೆಸ್ ಬೇಕಾಗಿ ಈಗಿನದು ಅಂಗಡಿಯದು.

ಆನ್‌ಲೈನಿನಲ್ಲಿ ಕೊಳ್ಳುವವರು ಹಲ್ಲು ಹಲ್ಲಾದ ಬೆನ್ನು, ಎರಡೂ ಕಡೆ ಬಾಯಿ, ಗುಂಡಿ ಒತ್ತಿದರೆ ಹಾರುವ ಅಲಗು ಇರುವುದನ್ನು ಬಿಡಿ. ಅವು ಕೆಲಸಕ್ಕೆ ಮಾಡಿದವಲ್ಲ.

ಏಳನೆಯದು: ಸಾಣೆ ಕಲಿತ ಮೇಲೆ ಕೊಳ್ಳಿ

ಮುಂಚೆ ಸಾಣೆ, ಆಮೇಲೆ ಚಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕಡೆ ಉರುಟು, ಇನ್ನೊಂದು ಕಡೆ ನುಣುಪು ಇರುವ ಕಾರ್ಬೊರಂಡಂ ಕಲ್ಲು ತನ್ನಿ. ಮನೆಯ ಹಳೇ ಅಡುಗೆ ಚಾಕುವಿನ ಮೇಲೆ ಕಲಿಯಿರಿ. ಕಲ್ಲು ನೆನೆಸಿ, ಅಲಗಿನ ಬೆನ್ನನ್ನು ಕಲ್ಲಿನಿಂದ ಸ್ವಲ್ಪವೇ ಎತ್ತಿ, ಸುಮಾರು 20 ಡಿಗ್ರಿಯಲ್ಲಿ ಒಂದೇ ಓರೆ ಹಿಡಿದು ಉಜ್ಜಿ. ಇನ್ನೊಂದು ಬದಿಯಲ್ಲಿ ಬಾಯಿಯ ಅಂಚಿಗೆ ಸಣ್ಣ ಉರುಟು ಎದ್ದದ್ದು ಬೆರಳಿಗೆ ತಿಳಿಯುತ್ತದೆ. ಆಗ ತಿರುಗಿಸಿ. ಕೊನೆಗೆ ನುಣುಪು ಕಡೆ ಹಗುರಾಗಿ ನಾಲ್ಕು ಸಲ. ಟೊಮ್ಯಾಟೊ ಸಿಪ್ಪೆ ಒತ್ತದೇ ಕೊಯ್ದರೆ ನಿಮ್ಮ ಕೈ ಕೂತಿದೆ. ಕರೆಂಟಿನ ಚಕ್ರಕ್ಕೆ ಕೊಡುವುದಾದರೆ ಎದುರಿಗೆ ನಿಂತು ನೋಡಿ. ಬಾಯಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಹದ ಹೋಯಿತು. ಮತ್ತೆ ಎಷ್ಟು ಉಜ್ಜಿದರೂ ಬೇಗ ಮೊಂಡಾಗುತ್ತದೆ.

ಎರಡು ವಾರದಲ್ಲಿ ಇದು ಬೇಸರ ತಂದರೆ ಚಾಕು ಕೊಳ್ಳಬೇಡಿ. ಮೊಂಡು ಚಾಕುವಿಗೆ ಜಾಸ್ತಿ ಬಲ ಹಾಕುತ್ತೀರಿ. ಜಾಸ್ತಿ ಬಲ ಹಾಕಿದಾಗಲೇ ಅದು ಜಾರುವುದು.

ಕೊನೆಯದು: ಮೊದಲ ತಿಂಗಳು

ಬೆರಳು ಕೊಯ್ದುಕೊಳ್ಳುವುದು ಮೊದಲ ತಿಂಗಳಲ್ಲೇ ಹೆಚ್ಚು. ಚೀಲದಲ್ಲಿ ಶುದ್ಧ ಹತ್ತಿ ಬಟ್ಟೆ ಇಡಿ. ಕೊಯ್ದರೆ ನೀರಲ್ಲಿ ತೊಳೆದು, ಬಟ್ಟೆ ಒತ್ತಿ ಹತ್ತು ನಿಮಿಷ ಬಿಡದೆ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡಬೇಡಿ. ಅರಿಶಿನ, ಕಾಫಿಪುಡಿ ತುಂಬಬೇಡಿ. ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಬಾರದಿದ್ದರೆ, ಸ್ಪರ್ಶ ತಿಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ. ಟಿಟಿ ಚುಚ್ಚುಮದ್ದು ಯಾವಾಗ ಆಗಿತ್ತು ಅಂತ ನೆನಪಿಟ್ಟು ಹೇಳಿ.

ನಿಮ್ಮ ಕಡೆಗೆ, ತೊಡೆಯ ಕಡೆಗೆ ಯಾವತ್ತೂ ಎಳೆದು ಕೊಯ್ಯಬೇಡಿ. ಕೆಲಸ ಮುಗಿದ ಕ್ಷಣ ಒರೆಗೆ ಹಾಕಿ, ಬದುವಿನ ಮೇಲೆ ಇಟ್ಟು ಮರೆಯಬೇಡಿ. ಯಾರಾದರೂ ಕೇಳಿದರೆ ಕೈಗೆ ಕೊಡಬೇಡಿ, ಕೆಳಗಿಡಿ, ಅವರು ಎತ್ತಿಕೊಳ್ಳಲಿ. ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಜಗಳದ ಮಾತು ಹೇಗೋ ಇರಲಿ, ಬೆರಳು ಉಳಿಯುತ್ತದೆ. ಸಂಜೆ ಮನೆಗೆ ಬಂದ ಮೇಲೆ ತೊಳೆದು, ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿಡಿ.

ತಿಂಗಳು ಮುಗಿದ ಮೇಲೆ ಮತ್ತೆ ಒಂದು ವಾರ ಲೆಕ್ಕ ಬರೆಯಿರಿ, ಮೊದಲಿನ ಪುಸ್ತಕದಲ್ಲೇ. ಚಾಕು ದಿನಕ್ಕೆ ಒಂದು ಸಲವೂ ಹೊರಗೆ ಬರುತ್ತಿಲ್ಲ ಅಂದರೆ ಒರೆ ಬಿಚ್ಚಿ ಅಡುಗೆಮನೆಗೆ ಕೊಟ್ಟುಬಿಡಿ. ಮೂರು ಇಂಚಿನ ತೆಳ್ಳಗಿನ ಅಲಗು ಬದನೆಕಾಯಿ ಎಣ್ಣೆಗಾಯಿಗೆ ಸೀಳಲು ಬಹಳ ಚೆನ್ನಾಗಿರುತ್ತದೆ.